ಹೆರಾಲ್ಡಿನ ವೈಪರ್ ನಿಂತಾಗ: ಮೋಟರಿಗೆ ಕೈ ಹಚ್ಚುವ ಮುಂಚೆ

ವೈಪರ್ ನಿಂತ ಕೂಡಲೇ ಸುತ್ತ ನಿಂತವರೆಲ್ಲ ಹೇಳುವ ಮಾತು ಒಂದೇ: "ಮೋಟರ್ ಹೋಗೇತಿ ನೋಡ್ರಿ." ನಾನೂ ಅದನ್ನೇ ನಂಬಿ ಒಂದು ಮೋಟರನ್ನು ಗುಜರಿ ಡಬ್ಬಿಗೆ ಹಾಕಿದೆ, ಇನ್ನೊಂದನ್ನು ದುಡ್ಡು ಕೊಟ್ಟು ತಂದು ಸುಟ್ಟೆ. ಡಬ್ಬಿಗೆ ಹೋಗಿದ್ದು ಬದುಕಿತ್ತು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಮಳೆಗಾಲ ಮುಗಿದಿತ್ತು.

ಗಾಡಿ 1969ರ ಸ್ಟ್ಯಾಂಡರ್ಡ್ ಹೆರಾಲ್ಡ್, ನಾಲ್ಕು ಬಾಗಿಲಿನದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನಲ್ಲಿ ಕಟ್ಟಿದ್ದು. ಆದರೆ ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ನಮ್ಮ ದೇಶದಲ್ಲಿ ಮಾತ್ರ. ಇದರ ಇನ್ನೊಂದು ಸುಖವೆಂದರೆ ಬಾನೆಟ್ಟು. ಮಡ್‌ಗಾರ್ಡು, ದೀಪ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಗಾಲಿಯ ಮೇಲೆ ಆರಾಮಾಗಿ ಕುಂತು, ಚಹಾ ಪಕ್ಕಕ್ಕಿಟ್ಟುಕೊಂಡು ಕೆಲಸ ಮಾಡಬಹುದು. ಆ ಸುಖ ವೈಪರ್ ಕೆಲಸದ ಅರ್ಧಕ್ಕೆ ಮಾತ್ರ. ಇನ್ನರ್ಧ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಮಾಡುವಂಥದ್ದು.

ನನ್ನ ಗಾಡಿಯಲ್ಲಿರುವುದು ಲೂಕಾಸ್ ಡಿಆರ್3ಎ ಮೋಟರ್. ಮೋರಿಸ್ ಮೈನರ್, ಮೊದಮೊದಲ ಎಂಜಿಬಿ ಮುಂತಾದ ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲೂ ಇದೇ ಇತ್ತು. ಅಂಥ ಗಾಡಿ ಇಟ್ಟವರಿಗೆ ಕೆಳಗಿನದೆಲ್ಲ ಹಾಗೇ ಹೊಂದುತ್ತದೆ. ರ‍್ಯಾಕ್ (ತೋಳುಗಳನ್ನು ಆಡಿಸುವ ಹಲ್ಲಿನ ಕೇಬಲ್) ಬದಲು ಲಿಂಕ್ ರಾಡ್ ಇರುವ ಗಾಡಿಯವರು ರ‍್ಯಾಕ್ ಎಂದಲ್ಲೆಲ್ಲ ರಾಡ್ ಎಂದು ಓದಿಕೊಳ್ಳಿ. ನೋಡುವ ಕ್ರಮ ಬದಲಾಗುವುದಿಲ್ಲ.

ಒಳಗೆ ಏನಿದೆ

ಮೋಟರಿನೊಳಗೆ ತಿರುಗುವ ಭಾಗ ಆರ್ಮೇಚರ್. ಅದರ ತುದಿಯಲ್ಲಿ ಸ್ಕ್ರೂವಿನಂಥ ಗೇರ್, ವರ್ಮ್, ಇದೆ. ಅದು ಒಂದು ದೊಡ್ಡ ಗೇರ್ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ಚಕ್ರದ ಮೇಲಿನ ಪಿನ್ನಿಗೆ ಸಿಕ್ಕಿಸಿದ ಸಣ್ಣ ರಾಡ್ ಒಂದು ಕೇಬಲನ್ನು ಹಿಂದೆ ಮುಂದೆ ಜಗ್ಗುತ್ತದೆ. ಇದೇ ರ‍್ಯಾಕ್. ಸೈಕಲ್ ಬ್ರೇಕಿನ ವೈರಿನ ಮೇಲೆ ಇನ್ನೊಂದು ತಂತಿಯನ್ನು ಬಿಟ್ಟುಬಿಟ್ಟು ಸುರುಳಿ ಸುತ್ತಿದರೆ ಹೇಗೆ ಕಾಣುತ್ತದೋ ಹಾಗೆ. ಆ ಸುರುಳಿಯೇ ಹಲ್ಲು. ರ‍್ಯಾಕ್ ಒಂದು ಕಬ್ಬಿಣದ ಪೈಪಿನೊಳಗೆ ಓಡುತ್ತ ಎರಡು ವೀಲ್‌ಬಾಕ್ಸ್‌ಗಳನ್ನು ಹಾಯ್ದು ಹೋಗುತ್ತದೆ. ವೀಲ್‌ಬಾಕ್ಸಿನ ಪುಟ್ಟ ಗೇರ್ ಅದರ ಓಡಾಟವನ್ನು ಅತ್ತಿಂದಿತ್ತ ತಿರುಗುವ ಚಲನೆಯಾಗಿ ಮಾಡುತ್ತದೆ. ಅದರ ಕಡ್ಡಿ ಗಾಜಿನ ಬುಡದಲ್ಲಿ ಹೊರಗೆ ಬಂದು ವೈಪರ್ ತೋಳನ್ನು ಹೊರುತ್ತದೆ.

ಅಂದರೆ ಪಾಪ ಮೋಟರು ಎಳೆಯುವುದು ಎರಡು ರಬ್ಬರಿನ ಪಟ್ಟಿಯನ್ನಷ್ಟೇ ಅಲ್ಲ. ಐವತ್ತು ವರ್ಷದ ಗ್ರೀಸು, ಪೈಪಿನ ತಿರುವು, ಮಳೆ ನೀರು ಕುಡಿದು ಜಂಗು ಹಿಡಿದ ಎರಡು ಕಡ್ಡಿ, ಇಷ್ಟನ್ನೂ ಅದು ಎಳೆಯಬೇಕು. ನಮ್ಮ ಕಡೆ ಇದಕ್ಕೆ ಧೂಳೂ ಸೇರುತ್ತದೆ. ಧಾರವಾಡದ ಕೆಂಪು ಮಣ್ಣು ಬೇಸಿಗೆ ತುಂಬ ಗಾಳಿಯಲ್ಲಿ ಹಾರಿ ಗ್ರೀಸಿನ ಮೇಲೆ ಕೂತರೆ ಕೆಸರಿನಂಥ ಹದ ಬರುತ್ತದೆ. ಏಳೆಂಟು ತಿಂಗಳು ವೈಪರ್ ಮುಟ್ಟುವ ಕೆಲಸವೇ ಇರುವುದಿಲ್ಲವಲ್ಲ, ಆ ಕೆಸರು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ. ಮಿರಗದ ಮೊದಲ ಹನಿಗೆ ನಾವು ಸ್ವಿಚ್ ಒತ್ತುತ್ತೇವೆ.

ಮೊದಲು ಕಿವಿ, ಆಮೇಲೆ ಪಾನಾ

ಸ್ವಿಚ್ ಒತ್ತಿದಾಗ ಏನಾಯಿತು ಎಂಬುದರಲ್ಲೇ ಅರ್ಧ ಉತ್ತರ ಇದೆ. ಗಾಡಿ ಚಾಲೂ ಮಾಡಬೇಡಿ. ಬರೀ ಇಗ್ನಿಷನ್ ತಿರುವಿ ಕೇಳಿ.

ಸಪ್ಪಳವೇ ಇಲ್ಲದಿದ್ದರೆ ಕರೆಂಟು ಬರುತ್ತಿಲ್ಲ, ಅಥವಾ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ ಆರ್ಮೇಚರಿನ ತಾಮ್ರದ ಪಟ್ಟಿಗಳನ್ನು, ಅಂದರೆ ಕಮ್ಯುಟೇಟರನ್ನು, ಮುಟ್ಟುತ್ತಿಲ್ಲ. ಗುಂಯ್ ಅಂದು ಅಲುಗದಿದ್ದರೆ ಎಲ್ಲೋ ಜಾಮ್ ಆಗಿದೆ, ತಕ್ಷಣ ಬಂದ್ ಮಾಡಿ. ಮೋಟರ್ ತಿರುಗುವ ಸಪ್ಪಳ ಬಂದು ತೋಳು ಅಲುಗದಿದ್ದರೆ ರ‍್ಯಾಕ್ ಕಳಚಿದೆ ಅಥವಾ ವೀಲ್‌ಬಾಕ್ಸಿನ ಹಲ್ಲು ಸವೆದಿದೆ; ಒಂದೇ ತೋಳು ನಿಂತಿದ್ದರೆ ಆ ಕಡೆಯ ವೀಲ್‌ಬಾಕ್ಸು, ಇಲ್ಲವೇ ತೋಳೇ ಕಡ್ಡಿಯ ಮೇಲೆ ಜಾರುತ್ತಿದೆ. ಶುರುವಿನಲ್ಲಿ ಚೆನ್ನಾಗಿ ಓಡಿ ಹತ್ತು ನಿಮಿಷಕ್ಕೆ ಮುದುಕನಂತಾದರೆ ಅದು ಭಾರದ ಲಕ್ಷಣ. ನನ್ನದು ಎರಡನೆಯ ಸಲ ಹೀಗೇ ಆಗಿತ್ತು. ನನಗೆ ಓದಲು ಬರಲಿಲ್ಲ.

ಗುಂಯ್ ಎನ್ನುವುದನ್ನು ಯಾಕೆ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು? ಈ ಮೋಟರ್ ಹಗುರಾಗಿ ತಿರುಗುವಾಗ 3 ಆಂಪಿಯರ್ ಆಸುಪಾಸು ಎಳೆಯುತ್ತದೆ. ಹಿಡಿದು ನಿಲ್ಲಿಸಿದರೆ 13ರಿಂದ 15 ಆಂಪಿಯರ್. ನನ್ನ ಗಾಡಿಯ ಹಿಂದಿನ ಯಜಮಾನರು ಆ ಲೈನಿಗೆ 35 ಆಂಪಿಯರ್ ಎಂದು ಬರೆದ ಗಾಜಿನ ಫ್ಯೂಸ್ ಹಾಕಿದ್ದರು. ಮೋಟರ್ ಒಳಗೆ ಬೇಯುತ್ತಿದ್ದರೂ ಅಂಥ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ಇದು ದೋಷವೇ ಅಲ್ಲ. ಹೆರಾಲ್ಡಿಗೆ ಇರುವುದು ಡೈನಮೋ. ಹೊಸ ಗಾಡಿಯ ಆಲ್ಟರ್ನೇಟರಿನ ಹಾಗೆ ನಿಂತಲ್ಲೇ ಚಾರ್ಜ್ ಮಾಡುವುದಿಲ್ಲ. ಸಂಜೆ ಮಳೆಯಲ್ಲಿ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿಗೆ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ವೈಪರ್ ನಿಧಾನ ಆಗಿಯೇ ಆಗುತ್ತದೆ. ಆಕ್ಸಲರೇಟರ್ ಸ್ವಲ್ಪ ಒತ್ತಿದಾಗ ಮತ್ತೆ ಚುರುಕಾದರೆ ಮೋಟರಿನ ಮೇಲೆ ಗುಮಾನಿ ಬೇಡ.

ಕರೆಂಟಿನ ಲೆಕ್ಕ

ಇದಕ್ಕೆ ಮಲ್ಟಿಮೀಟರಿಗಿಂತ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪೇ ವಾಸಿ. ಹತ್ತು ಎಳೆಯಲ್ಲಿ ಒಂಬತ್ತು ಕಡಿದುಹೋದ ವೈರಿನ ತುದಿಯಲ್ಲೂ ಮೀಟರು 12 ವೋಲ್ಟ್ ಎಂದೇ ತೋರಿಸುತ್ತದೆ, ಯಾಕೆಂದರೆ ಮೀಟರಿಗೆ ಕರೆಂಟು ಬೇಕಾಗಿಲ್ಲ. ಬಲ್ಬಿಗೆ ಸುಮಾರು ಕಾಲು ಕಡಿಮೆ ಎರಡು, ಅಂದರೆ 1.75 ಆಂಪಿಯರ್ ಬೇಕು. ಸುಳ್ಳು ವೈರು ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಥ್ (ಗಾಡಿಯ ಲೋಹದ ಮೈಗೆ ಕೊಟ್ಟ ಬ್ಯಾಟರಿಯ ತುದಿ) ಪಾಸಿಟಿವ್ ಇರಲಿ ನೆಗೆಟಿವ್ ಇರಲಿ, ಬಲ್ಬಿಗೆ ಅದರ ಹಂಗಿಲ್ಲ.

ಮೋಟರಿನ ಮೇಲೆ ಮೂರು ಟರ್ಮಿನಲ್: 1, 2, ಮತ್ತು ಇ. ಇಗ್ನಿಷನ್ನಿನಿಂದ ಬರುವ ಹಸಿರು ವೈರು 2ಕ್ಕೆ. 1ರಿಂದ ಹೊರಟ ವೈರು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ ಅಲ್ಲಿಂದ ಅರ್ಥಿಗೆ. ಇ ನೇರ ಗಾಡಿಯ ಲೋಹದ ಮೈಗೆ. ಹೊಸ ಗಾಡಿ ನೋಡಿ ಕಲಿತ ಹುಡುಗರು ಇಲ್ಲೇ ದಾರಿ ತಪ್ಪುತ್ತಾರೆ. ಇಲ್ಲಿ ಸ್ವಿಚ್ಚು ಕರೆಂಟನ್ನು ಕೊಡುವುದಿಲ್ಲ, ಅರ್ಥನ್ನು ಕೊಡುತ್ತದೆ. ಇಗ್ನಿಷನ್ ಇರುವಷ್ಟು ಹೊತ್ತೂ ಮೋಟರಿನ ತನಕ ಕರೆಂಟು ಬಂದು ನಿಂತೇ ಇರುತ್ತದೆ.

ಬಲ್ಬಿನ ಒಂದು ವೈರು 2ಕ್ಕೆ, ಇನ್ನೊಂದು ಎಂಜಿನ್ನಿನ ಚೊಕ್ಕ ಲೋಹಕ್ಕೆ. ಉರಿಯದಿದ್ದರೆ ಫ್ಯೂಸು, ಬುಲೆಟ್ ಕನೆಕ್ಟರು, ಇಗ್ನಿಷನ್ ಸ್ವಿಚ್ಚು ಹೀಗೆ ಹಿಂದಕ್ಕೆ ಹೋಗಿ. ಪೆಟ್ರೋಲ್ ಗೇಜು ಸಹ ಸತ್ತಿದ್ದರೆ ಹಸಿರು ಲೈನೇ ಹೋಗಿದೆ. ಉರಿದರೆ, ಒಂದು ತುಂಡು ವೈರಿನಿಂದ 1ನ್ನು ಗಾಡಿಯ ಲೋಹದ ಮೈಗೆ ತಾಗಿಸಿ. ಮೋಟರ್ ಎದ್ದು ಓಡಿತೇ? ಹಾಗಾದರೆ ಅದು ನಿರಪರಾಧಿ. ಸ್ವಿಚ್ಚು ಅಥವಾ ಸ್ವಿಚ್ಚಿನ ಅರ್ಥ್ ಕೆಟ್ಟಿದೆ. ಐವತ್ತು ರೂಪಾಯಿಯ ಕೆಲಸ. ಬಣ್ಣ ಹೊಡೆಸಿದ ಮೇಲೆ ವೈಪರ್ ಸತ್ತ ಗಾಡಿಗಳಲ್ಲಿ ಮೊದಲು ಇದನ್ನೇ ನೋಡಬೇಕು, ಅರ್ಥ್ ಸ್ಕ್ರೂವಿನ ಕೆಳಗೂ ಬಣ್ಣ ಹೋಗಿರುತ್ತದೆ.

ಇ ಟರ್ಮಿನಲ್ಲಿನ ಕೆಲಸ ಬೇರೆ. ನೀವು ಸ್ವಿಚ್ ಬಂದ್ ಮಾಡಿದರೂ ತೋಳು ಕೆಳಗೆ ಮಲಗುವ ತನಕ ಮೋಟರ್ ಓಡಬೇಕಲ್ಲ, ಅಲ್ಲಿಯವರೆಗೆ ಗೇರ್‌ಬಾಕ್ಸಿನ ಗುಮ್ಮಟದೊಳಗಿನ ಲಿಮಿಟ್ ಸ್ವಿಚ್ಚು ಇ ಮೂಲಕ ಅರ್ಥ್ ಕೊಡುತ್ತದೆ. ಬಂದ್ ಮಾಡಿದ ಕ್ಷಣ ತೋಳು ಗಾಜಿನ ನಡುವೆಯೇ ನಿಂತರೆ ಇ ವೈರು ಕಡಿದಿದೆ ಅಥವಾ ಜಂಗು ಹಿಡಿದಿದೆ. ಬಂದ್ ಮಾಡಿದರೂ ನಿಲ್ಲದೆ ಓಡುತ್ತಲೇ ಇದ್ದರೆ ಲಿಮಿಟ್ ಸ್ವಿಚ್ಚು ಅಂಟಿಕೊಂಡಿದೆ, ಅಥವಾ ಗುಮ್ಮಟ ಸರಿಯಾದ ಕೋನದಲ್ಲಿ ಕೂತಿಲ್ಲ. ಮೇಲಿನ ಸ್ಕ್ರೂ ಸಡಿಲಿಸಿ ಗುಮ್ಮಟವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ನೋಡಬೇಕು. ಇದೂ ಮೋಟರ್ ಬದಲಿಸುವ ಕಾರಣವಲ್ಲ.

2ಕ್ಕೆ ಕರೆಂಟು ಬಂದಿದೆ, 1 ಅರ್ಥ್ ಆಗಿದೆ, ಆದರೂ ಸಪ್ಪಳವಿಲ್ಲ ಎಂದಾದರೆ ಮಾತ್ರ ತಪ್ಪು ಮೋಟರಿನ ಒಳಗಿದೆ.

ನಾನು ಬಿಟ್ಟ ಹೆಜ್ಜೆ

ಮಿರಗ ಸೇರಿದ ದಿನ ಸಾಧನಕೇರಿ ಹತ್ತಿರ ನನ್ನ ವೈಪರ್ ಸಪ್ಪಳವಿಲ್ಲದೆ ನಿಂತಿತು. ಮೇಲಿನ ಪರೀಕ್ಷೆ ಎಲ್ಲ ಮಾಡಿದೆ; ಮೋಟರೇ ಎಂದು ಖಾತ್ರಿಯಾಯಿತು. ಮರುದಿನ ಹುಬ್ಬಳ್ಳಿಗೆ ಹೋಗಿ ಗುಜರಿ ಸಾಲಿನಲ್ಲಿ ಅರ್ಧ ದಿನ ಅಲೆದು ಅದೇ ಜಾತಿಯ ಮೋಟರ್ ಹುಡುಕಿದೆ. ಮಾರಿದವನು ಬ್ಯಾಟರಿಗೆ ಹಚ್ಚಿ ತಿರುಗಿಸಿ ತೋರಿಸಿದ. ಸಂಜೆ ಹಾಕಿದೆ, ಓಡಿತು. ಹಳೆಯದನ್ನು ಡಬ್ಬಿಗೆ ಎಸೆದೆ. ಸ್ವಲ್ಪ ಬಿಗಿಯಾಗಿ ಓಡುತ್ತಿದೆ ಅನ್ನಿಸಿದ್ದು ನಿಜ. ಹೊಸ ಎತ್ತು, ಹೊಂದಿಕೊಳ್ಳುತ್ತದೆ ಎಂದುಕೊಂಡೆ.

ಆರಿದ್ರಾ ಮುಗಿಯುವ ಹೊತ್ತಿಗೆ, ಧಾರವಾಡದಿಂದ ಹುಬ್ಬಳ್ಳಿಗೆ ಹೊರಟವನು ನವಲೂರು ದಾಟಿದ್ದೆ. ಮಳೆ ಜೋರಾಯಿತು, ವೈಪರ್ ಮೆತ್ತಗಾಯಿತು. ರಾಯಾಪುರ ಬರುವಷ್ಟರಲ್ಲಿ ಗಾಜಿನ ನಡುವೆ ನಿಂತೇಬಿಟ್ಟಿತು. ಪಕ್ಕದ ಲೇನಿನಲ್ಲಿ ಚಿಗರಿ ಬಸ್ಸುಗಳು ನೀರು ಹಾರಿಸುತ್ತ ಹೋಗುತ್ತಿದ್ದವು. ನಾನು ಸ್ವಿಚ್ ಬಂದ್ ಮಾಡದೆ, ಎದ್ದೀತು ಎಂದು ಕಾಯುತ್ತ ಕುಂತೆ. ಒಂದೆರಡು ನಿಮಿಷಕ್ಕೆ ಸುಟ್ಟ ವಾರ್ನಿಶ್ ವಾಸನೆ ಬಂತು. ಆ ವಾಸನೆ ಒಮ್ಮೆ ಬಂದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಗೋಕುಲ ರೋಡಿನ ಕಡೆ ಬೋರ್‌ವೆಲ್ ಪಂಪು ವೈಂಡಿಂಗ್ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಬಿಚ್ಚಿ, ಮೂಸಿ, ಕರ್ರಗಾದ ಸುರುಳಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ಇದು ಸತ್ತಿಲ್ರೀ ಸರ, ನೀವ ಕೊಂದೀರಿ. ಎದಕ್ ಹಚ್ಚಿದ್ರಿ ಇದನ್ನ? ಗಾಣಕ್ಕೇನು?"

ವೈಪರಿಗೆ ಅಂದೆ. "ಹಂಗಾರ ಆ ಗಾಣ ಮೊದಲ ನೋಡ್ರಿ" ಎಂದು ಕಳಿಸಿದರು.

ಆ ಹೆಜ್ಜೆ ಇಷ್ಟೇ: ಮೋಟರನ್ನೂ ಅದು ಎಳೆಯುವ ಭಾರವನ್ನೂ ಬೇರೆ ಮಾಡಿ, ಎರಡನ್ನೂ ಬೇರೆಬೇರೆಯಾಗಿ ನೋಡುವುದು. ತೋಳುಗಳನ್ನು ಕಡ್ಡಿಯಿಂದ ಕೀಳಿ. ಬುಡದ ಸಣ್ಣ ಕ್ಲಿಪ್ಪನ್ನು ಸ್ಕ್ರೂ ಡ್ರೈವರಿನಿಂದ ಎತ್ತಿದರೆ ಹೊರಗೆ ಬರುತ್ತವೆ. ಗೇರ್‌ಬಾಕ್ಸಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದು, ಪಿನ್ನಿನ ಸರ್ಕ್ಲಿಪ್ (ಸ್ಪ್ರಿಂಗಿನ ಸಣ್ಣ ಬಳೆ) ಬಿಡಿಸಿ ರಾಡನ್ನು ಎತ್ತಿ. ಸರ್ಕ್ಲಿಪ್ ಹಾರುತ್ತದೆ. ಹಾರಿಯೇ ಹಾರುತ್ತದೆ, ಕೆಳಗೆ ಹಳೆಯ ಧೋತ್ರ ಹಾಸಿಕೊಳ್ಳಿ. ಈಗ ರ‍್ಯಾಕಿನ ತುದಿಗೆ ತೂಕದ ಸ್ಪ್ರಿಂಗ್ ಕಾಟಾ ಸಿಕ್ಕಿಸಿ ಜಗ್ಗಿ. ಗ್ಯಾಸ್ ಸಿಲಿಂಡರ್ ತೂಗುವ ದೊಡ್ಡದು ಬೇಡ, ಕಾಯಿಪಲ್ಲೆ ತೂಗುವ ಸಣ್ಣದು ಸಾಕು. 2.7 ಕಿಲೊ ಒಳಗೆ ಸರಿದಾಡಬೇಕು. ನನ್ನದು ಕಾಟಾದ 10 ಕಿಲೊ ಗೆರೆ ಮುಟ್ಟಿದರೂ ಮಿಸುಕಲಿಲ್ಲ.

ಗಾಣ ಬಿಚ್ಚಿದ್ದು

ಪೈಪಿನ ದೊಡ್ಡ ನಟ್ ಸಡಿಲಿಸಿದರೆ ಮೋಟರಿನ ಜೊತೆಗೇ ರ‍್ಯಾಕನ್ನೂ ಪೈಪಿನಿಂದ ಎಳೆದು ತೆಗೆಯಬಹುದು. ನನ್ನ ಬಲಗಡೆ ವೀಲ್‌ಬಾಕ್ಸು ಬಿಡಲೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನ ಮೇಲೆ ಮಲಗಿ, ಅದರ ಹಿಂಬದಿಯ ತಗಡನ್ನು ಹಿಡಿದ ಎರಡು ನಟ್ ಬಿಚ್ಚಿದ ಮೇಲೆ ರ‍್ಯಾಕ್ ಹೊರಬಂತು. ತಪ್ಪು ಅಲ್ಲಿತ್ತು. ಹೊರಗೆ ಕಡ್ಡಿಯ ಸುತ್ತ ಕೂರುವ ರಬ್ಬರ್ ಒಡೆದು ಕಲ್ಲಾಗಿತ್ತು. ಅದರ ಸಂದಿಯಿಂದ ಎಷ್ಟೋ ಮಳೆಗಾಲದ ನೀರು ಇಳಿದು, ಕಡ್ಡಿ ತನ್ನ ಬುಶ್ಶಿನೊಳಗೆ ಬೆಸುಗೆ ಹಾಕಿದಂತೆ ಕೂತಿತ್ತು.

ಜಂಗು ಬಿಡಿಸುವ ಎಣ್ಣೆ ಹಾಕಿ ಎರಡು ರಾತ್ರಿ ಬಿಟ್ಟೆ. ಸುತ್ತಿಗೆ ಮುಟ್ಟಲಿಲ್ಲ, ಕಡ್ಡಿಯ ಮೇಲಿನ ಗೆರೆಗಳು ಕೆಟ್ಟರೆ ತೋಳು ಮುಂದೆ ನಿಲ್ಲುವುದಿಲ್ಲ. ಮೂರನೆಯ ದಿನ ತೋಳನ್ನೇ ಹಿಡಿಕೆ ಮಾಡಿ ಕೂದಲಿನಷ್ಟು ಅತ್ತ, ಕೂದಲಿನಷ್ಟು ಇತ್ತ ತಿರುಗಿಸುತ್ತ ಕುಂತೆ. ಮಧ್ಯಾಹ್ನಕ್ಕೆ ಬಿಟ್ಟಿತು. ಹೊರತೆಗೆದು ನುಣ್ಣನೆಯ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದೆ. ಗೇರಿನ ಹಲ್ಲು ಒಂದು ಕಡೆ ಸವೆದಿತ್ತು. ಅದು ಯಾವತ್ತೂ ಪೂರ್ತಿ ಸುತ್ತುವುದಿಲ್ಲ, ಮೂರನೆಯ ಒಂದು ಭಾಗ ಮಾತ್ರ ದುಡಿಯುತ್ತದೆ. ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಉಂಡು ಮಲಗಿದ್ದ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಹೊಸ ವೀಲ್‌ಬಾಕ್ಸು ಹುಡುಕುವ ತಾಪತ್ರಯ ತಪ್ಪಿತು.

ರ‍್ಯಾಕನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಬಂದ ನೀರು ಕಾವಿ ಬಣ್ಣದ್ದು. ಪೈಪಿನೊಳಗೆ ತಂತಿಗೆ ಬಟ್ಟೆ ಕಟ್ಟಿ ನಾಲ್ಕು ಸಲ ಎಳೆದೆ. ಪೈಪು ಎಲ್ಲಾದರೂ ಚಪ್ಪಟೆಯಾಗಿದೆಯೇ, ತುದಿಯ ಅಂಚು ಮಡಚಿದೆಯೇ ನೋಡಿ. ಯಾರೋ ಹಿಂದೆ ಡ್ಯಾಶ್‌ಬೋರ್ಡಿನ ಕೆಳಗೆ ಸ್ಪೀಕರ್ ಕೂರಿಸುವಾಗ ತುಳಿದಿರುತ್ತಾರೆ. ಮರಳಿ ಜೋಡಿಸುವಾಗ ಲಿಥಿಯಮ್ ಗ್ರೀಸನ್ನು ರ‍್ಯಾಕಿಗೆ ತೆಳುವಾಗಿ ಸವರಿ. ವೀಲ್‌ಬಾಕ್ಸಿನ ನಟ್‌ಗಳನ್ನು ರ‍್ಯಾಕ್ ಒಳಗೆ ಕೂತು ಸರಿದಾಡುವುದನ್ನು ನೋಡಿದ ಮೇಲೆಯೇ ಬಿಗಿಯಬೇಕು. ಬಿಗಿದ ಮೇಲೆ ಮತ್ತೆ ಕಾಟಾ ಹಚ್ಚಿ. ನನ್ನದು ಎರಡು ಕಿಲೊಗೂ ಕಡಿಮೆಗೆ ಬಂತು.

ಡಬ್ಬಿಯಲ್ಲಿದ್ದ ಮೋಟರು

ಆ ಹೊತ್ತಿಗೆ ನನ್ನ ಹತ್ತಿರ ಭಾರವಿಲ್ಲದ ರ‍್ಯಾಕ್ ಇತ್ತು, ಮೋಟರ್ ಇರಲಿಲ್ಲ. ಪುಣ್ಯಕ್ಕೆ ಗುಜರಿಯವನು ಇನ್ನೂ ನಮ್ಮ ಓಣಿಗೆ ಬಂದಿರಲಿಲ್ಲ. ಹಳೆಯದನ್ನು ಡಬ್ಬಿಯಿಂದ ತೆಗೆದು ಎರಡು ಉದ್ದ ಬೋಲ್ಟ್ ಬಿಚ್ಚಿದೆ. ಒಳಗೆಲ್ಲ ಕಾರ್ಬನ್ ಪುಡಿ. ಎರಡು ಬ್ರಶ್ಶುಗಳಲ್ಲಿ ಒಂದು ಸವೆದು, ಅದರ ತೋಳು ಕೊಳೆಯಲ್ಲಿ ಸಿಕ್ಕಿ, ಕಮ್ಯುಟೇಟರಿನಿಂದ ದೂರ ನಿಂತಿತ್ತು. ಅಷ್ಟೇ ಅದರ ಕಾಯಿಲೆ. ಫೀಲ್ಡ್ ಕಾಯಿಲನ್ನು, ಅಂದರೆ ಮ್ಯಾಗ್ನೆಟ್ಟಿನ ಕೆಲಸ ಮಾಡುವ ಸುರುಳಿಯನ್ನು, ಮೀಟರಿನಲ್ಲಿ ನೋಡಿದೆ: 8ರಿಂದ 9.5 ಓಮ್ ಇರಬೇಕು, ಸರಿಯಾಗಿಯೇ ಇತ್ತು. ತೀರ ಕಡಿಮೆ ಬಂದರೆ ಒಳಗೆ ಸುಟ್ಟು ಸುರುಳಿಗಳು ಕೂಡಿಕೊಂಡಿವೆ ಎಂದು; ಏನೂ ತೋರಿಸದಿದ್ದರೆ ಕಡಿದಿದೆ ಎಂದು. ಆಗ ವೈಂಡಿಂಗ್ ಅಂಗಡಿಯೇ ಗತಿ.

ಕಮ್ಯುಟೇಟರನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಗಾಜಿನ ಪುಡಿ ಅಂಟಿಸಿದ ಕಾಗದದಿಂದ ಹಗುರಾಗಿ ತಿಕ್ಕಿ. ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಹೊಸ ಕಿರಿಕಿರಿ ತರುತ್ತದೆ. ಸಂದಿಗಳನ್ನು ಸೂಜಿಯಿಂದ ಕೆದರಿ ಚೊಕ್ಕ ಮಾಡಿ. ಬ್ರಶ್ಶಿಗೆ ಸ್ವಲ್ಪ ದಪ್ಪದ ಕಾರ್ಬನ್ ಕೊಂಡು ಅಳತೆಗೆ ಉಜ್ಜಿಕೊಂಡೆ. ತೋಳು ತನ್ನ ಸ್ಪ್ರಿಂಗಿಗೆ ತಾನೇ ಮರಳಿ ಬರುವಷ್ಟು ಸಡಿಲ ಇರಬೇಕು.

ಬದಿಯಲ್ಲಿ ಲಾಕ್ ನಟ್ ಹಾಕಿದ ಒಂದು ಸ್ಕ್ರೂ ಕಾಣುತ್ತದೆ. ಅದು ಆರ್ಮೇಚರಿನ ಉದ್ದನೆಯ ಆಟವನ್ನು ಹಿಡಿಯುವಂಥದ್ದು. ಯಾರೋ ಪುಣ್ಯಾತ್ಮರು ಅದನ್ನು ಪೂರ್ತಿ ಬಿಗಿದಿಟ್ಟಿರುತ್ತಾರೆ. 0.2ರಿಂದ 0.3 ಮಿಲಿಮೀಟರ್ ಆಟ ಬೇಕು: ತಾಗುವ ತನಕ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ತಂದು ಲಾಕ್ ಮಾಡಿ.

ಬೇರೆ ಮೋಟರನ್ನೇ ಹಾಕಬೇಕಾಗಿ ಬಂದವರಿಗೆ ಎರಡು ಎಚ್ಚರಿಕೆ. ಗೇರ್ ಚಕ್ರದ ಮೇಲೆ ಡಿಗ್ರಿ ಕೊರೆದಿರುತ್ತದೆ, ತೋಳು ಎಷ್ಟು ಅಗಲ ಬೀಸಬೇಕು ಎನ್ನುವ ಲೆಕ್ಕ ಅದು. ಬೇರೆ ಗಾಡಿಯ ಮೋಟರ್ ಹಾಕಿದರೆ ಬ್ಲೇಡು ಗಾಜಿನ ಚೌಕಟ್ಟಿಗೆ ಬಡಿಯಬಹುದು. ನಿಮ್ಮ ಹಳೆಯ ಚಕ್ರವನ್ನೇ ತೆಗೆದು ಅದರೊಳಗೆ ಕೂರಿಸಿ. ಎರಡನೆಯದು: ಈ ಹಳೆಯ ಮೋಟರಿನಲ್ಲಿ ಮ್ಯಾಗ್ನೆಟ್ ಇಲ್ಲ, ಸುರುಳಿಯೇ ಮ್ಯಾಗ್ನೆಟ್; ಹಾಗಾಗಿ ಬ್ಯಾಟರಿಯ ಎರಡೂ ತುದಿ ಅದಲು ಬದಲು ಮಾಡಿದರೂ ಅದೇ ದಿಕ್ಕಿಗೆ ತಿರುಗುತ್ತದೆ. ಪರ್ಮನೆಂಟ್ ಮ್ಯಾಗ್ನೆಟ್ಟಿನ ಹೊಸ ಮೋಟರ್ ಹಾಗಲ್ಲ, ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತದೆ. ಅದನ್ನು ಹಾಕುವುದಾದರೆ ಸ್ವಿಚ್ಚನ್ನೂ ಬದಲಿಸಿ ವೈರಿಂಗ್ ಬೇರೆ ಮಾಡಬೇಕು. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ದಿನಾಲೂ ಗಾಡಿ ಓಡಿಸುವವರನ್ನು ಬೈಯಲಾರೆ.

ಗಾಡಿಗೆ ಕೂರಿಸುವ ಮುಂಚೆ ಮೇಜಿನ ಮೇಲೆ ಓಡಿಸಿದೆ. ನಿಮಿಷಕ್ಕೆ 46 ಸುತ್ತು. 44ರಿಂದ 48ರ ನಡುವೆ ಬಂದರೆ ಸರಿ. ಕೂರಿಸಿದ ಮೇಲೆ ಗಾಜಿಗೆ ನೀರು ಸುರಿದೇ ಚಾಲೂ ಮಾಡಿ, ಒಣ ಗಾಜಿನ ಮೇಲೆ ಪರೀಕ್ಷೆ ಮಾಡಿದರೆ ಮೋಟರಿಗೆ ಮತ್ತದೇ ಗಾಣ. ವೈಪರಿಗೆಂದೇ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿದೆ. ಕಡ್ಡಿಯ ಸುತ್ತ ಹೊಸ ರಬ್ಬರ್ ಸಿಗಲಿಲ್ಲ. ಸ್ಕೂಟರಿನ ದಪ್ಪ ಟ್ಯೂಬಿನ ತುಂಡಿಗೆ ತೂತು ಕೊರೆದು ಹಾಕಿದ್ದೇನೆ. ನೋಡಲು ಚೆಂದಿಲ್ಲ, ನೀರು ಇಳಿಯುವುದಿಲ್ಲ.

ಸುಟ್ಟ ಮೋಟರನ್ನು ಆ ಹಿರಿಯರೇ ಇಟ್ಟುಕೊಂಡಿದ್ದಾರೆ, ಬಿಡುವಾದಾಗ ಸುತ್ತಿ ಕೊಡುತ್ತಾರಂತೆ. ಮೊನ್ನೆ ಹೋದಾಗ ಅವರು ಕೇಳಿದ್ದು ಮೋಟರಿನ ಬಗ್ಗೆ ಅಲ್ಲ: "ಗಾಣ ಹೆಂಗೈತ್ರಿ?"